ಹಾಡು ಕಲಿತೆ, ಉಪ್ಪು ಕಲಿಯಲಿಲ್ಲ

ವಾಚನಾಲಯದ ಪುಸ್ತಕಕ್ಕೆ ಹಾಡಿನ ಬಗ್ಗೆ ಏನಾದರೂ ಬರೆದು ಕೊಡಿ ಎಂದು ಮಾಷ್ಟ್ರು ಹೇಳಿದ್ದರು. ಬರೆಯಲು ಕೂತರೆ ನೆನಪಿಗೆ ಬಂದದ್ದು ಉಪ್ಪುಸೊಳೆ. ಏಳನೇ ಕ್ಲಾಸಿನವನ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಕಾಸರಗೋಡಿನ ಹಳಬರಿಗೆ ಉಪ್ಪುಸೊಳೆ ಎಂದರೆ ಎಂತ ಎಂದು ಹೇಳಬೇಕಾಗಿಲ್ಲ. ಬೆಳೆದ, ಆದರೆ ಹಣ್ಣಾಗದ ಹಲಸಿನ ಕಾಯಿಯ ಸೊಳೆಯನ್ನು ಉಪ್ಪು ಬೆರೆಸಿ ಭರಣಿಯಲ್ಲಿ ತುಂಬಿಡುವುದು. ಆಟಿ ತಿಂಗಳ ಜಡಿಮಳೆಗೆ ತೋಟದಲ್ಲಿ ತರಕಾರಿ ಇರುವುದಿಲ್ಲ, ಪೇಟೆಗೆ ಹೋಗುವ ಹಾಗೂ ಇರಲಿಲ್ಲ. ಆಗ ಭರಣಿಯ ಬಾಯಿ ಬಿಚ್ಚಿದರೆ ಪಲ್ಯ, ರೊಟ್ಟಿ, ಉಂಡ್ಲಕಾಳು. ನನ್ನ ಪ್ರಾಯದವರು ಎಷ್ಟೋ ಮಳೆಗಾಲ ದಾಟಿದ್ದು ಇದನ್ನು ತಿಂದೇ.

ಮೇ ತಿಂಗಳಲ್ಲಿ ಜಗಲಿ ತುಂಬ ಹಲಸಿನಕಾಯಿ. ಅಮ್ಮ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸುತ್ತಾ ಪಾಡ್ದನ ಹೇಳುತ್ತಿದ್ದಳು. ಒಂದು ಕಾಯಿ ಮುಗಿಯುವಾಗ ಕಥೆಯ ಒಂದು ಭಾಗ ಮುಗಿಯುತ್ತಿತ್ತು. ನಾನು ಎದುರು ಕೂತು ಬೇಳೆ ಹೆಕ್ಕುತ್ತಾ ಹಾಡು ಕಲಿತೆ. ಈಗಲೂ ರಾತ್ರಿಯಿಡೀ ಹಾಡುವಷ್ಟು ಉಂಟು ನನ್ನ ಹತ್ತಿರ. ಆದರೆ ಅವಳ ಕೈ ಎಂತ ಮಾಡುತ್ತಿತ್ತು ಎಂದು ನೋಡಲೇ ಇಲ್ಲ. ಅಮ್ಮನ ನಂತರ ನನ್ನ ಹೆಂಡತಿ ಆ ಭರಣಿಯನ್ನು ನೋಡಿಕೊಂಡಳು. ನಾಲ್ಕು ವರ್ಷದ ಹಿಂದೆ ಅವಳೂ ಹೋದಳು. ಭರಣಿ ಅಟ್ಟದಲ್ಲಿ ಕವುಚಿ ಬಿದ್ದಿತ್ತು.

ಕಳೆದ ವರ್ಷ ಮೇ ತಿಂಗಳಲ್ಲಿ ನೆರೆಮನೆಯ ಹುಡುಗಿ ರಜೆಯಲ್ಲಿ ಊರಿಗೆ ಬಂದಳು. ಅವಳು ಜರ್ಮನಿಯ ಆಸ್ಪತ್ರೆಯಲ್ಲಿ ನರ್ಸು. "ಮಾವ, ಇವತ್ತು ರಾತ್ರಿ ನಮ್ಮಲ್ಲಿಗೇ ಊಟಕ್ಕೆ ಬನ್ನಿ. ಅಲ್ಲಿಯ ಒಂದು ಅಡಿಗೆ ಮಾಡ್ತೇನೆ" ಎಂದು ಕರೆದಳು. ಒಬ್ಬನೇ ಇರುವವನಲ್ವಾ, ಸಂಜೆಗೇ ಹೋಗಿ ಅಡಿಗೆಮನೆಯ ಬಾಗಿಲಲ್ಲಿ ಕೂತೆ.

ಅವಳು ಪೆಟ್ಟಿಗೆಯಿಂದ ಒಂದು ಪ್ಯಾಕೆಟು ತೆಗೆದು ಬಿಚ್ಚಿದಳು. ಹುಳಿ ವಾಸನೆ ಜಗಲಿಯವರೆಗೆ ಬಂತು. ಅದರ ಹೆಸರು ಸೌವರ್‌ಕ್ರೌಟ್. ಎಳೆ ಎಳೆಯಾಗಿ ಹೆಚ್ಚಿದ ಕ್ಯಾಬೇಜು. ಒಂದು ಕಿಲೋ ಕ್ಯಾಬೇಜಿಗೆ 20 ಗ್ರಾಮಿನಷ್ಟು ಉಪ್ಪು ಹಾಕಿ, ಚೆನ್ನಾಗಿ ಹಿಸುಕಿದರೆ ಅದೇ ನೀರು ಬಿಡ್ತದೆ. ಆ ನೀರಲ್ಲೇ ಮುಳುಗುವ ಹಾಗೆ ಮೇಲೆ ಭಾರ ಇಟ್ಟು ನಾಲ್ಕೈದು ವಾರ ಬಿಡುವುದು. ಮೊಸರಿನಲ್ಲಿ ಇರುವಂಥದ್ದೇ ಕ್ರಿಮಿಗಳು ಅದನ್ನು ಹುಳಿ ಮಾಡ್ತವೆ ಎಂದು ವಿವರಿಸಿದಳು. ಅಲ್ಲಿಯ ಚಳಿಗಾಲಕ್ಕೆ ಹೊಲದಲ್ಲಿ ಹೆಚ್ಚು ಸೊಪ್ಪು ತರಕಾರಿ ಸಿಗದ ಕಾರಣ ಹಿಂದಿನವರು ಮಾಡಿಕೊಂಡ ಉಪಾಯವಂತೆ. ನಮಗೆ ಮಳೆ, ಅವರಿಗೆ ಹಿಮ.

ಆಮೇಲೆ ಅವಳು ಆ ಕ್ಯಾಬೇಜನ್ನು ನೀರಲ್ಲಿ ತೊಳೆದು ಎರಡೂ ಕೈಯಲ್ಲಿ ಹಿಂಡಿದಳು. ನನಗೆ ಒಮ್ಮೆ ಎದೆ ಝಲ್ಲೆಂದಿತು. ಉಪ್ಪುಸೊಳೆಯನ್ನು ನೀರಲ್ಲಿ ಹಾಕಿ ಉಪ್ಪು ಬಿಡಿಸಿ ಅಮ್ಮ ಹೀಗೆಯೇ ಹಿಂಡುತ್ತಿದ್ದದ್ದು.

ಹಿಂಡಿದ್ದನ್ನು ನೀರುಳ್ಳಿ, ಶಾಜೀರಿಗೆಯಂಥ ಒಂದು ಕಾಳಿನ ಜೊತೆ ಬಾಡಿಸಿದಳು. ಬಟಾಟೆ ಬೇಯಿಸಿ ಬೆಣ್ಣೆ, ಹಾಲು ಹಾಕಿ ಹಿಸುಕಿ ತಗಡಿನ ತಟ್ಟೆಗೆ ಹಾಸಿದಳು. ಅದರ ಮೇಲೆ ಕ್ಯಾಬೇಜು, ಅದರ ಮೇಲೆ ಸಾಸೇಜು. ಸಾಸೇಜು ಎಂದರೆ ಮಾಂಸವನ್ನು ನುಣ್ಣಗೆ ಕೊಚ್ಚಿ, ಉಪ್ಪು ಮಸಾಲೆ ಸೇರಿಸಿ, ಕೊಳವೆಯ ಹಾಗಿನ ತೆಳು ಚೀಲದಲ್ಲಿ ತುಂಬಿದ್ದು. ಅಲ್ಲಿ ಹೆಚ್ಚಾಗಿ ಹಂದಿಯದ್ದು. ಇವಳು ಮಂಗಳೂರಿನಿಂದ ಕೋಳಿಯದ್ದು ತರಿಸಿದ್ದಳು. ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಹುರಿದು ಜೋಡಿಸಿ, ಮೇಲಿಂದ ಕೆನೆ ಸುರಿದು ಚೀಸು ಉದುರಿಸಿದಳು. ಓವನಿನಲ್ಲಿ ಅರ್ಧ ಗಂಟೆ ಇಟ್ಟರೆ ಆಯಿತು ಎಂದಳು.

ಹತ್ತು ನಿಮಿಷ ಆಗಿರಬಹುದು, ಗುಡುಗು ಸಿಡಿಲು ಶುರುವಾಗಿ ಕರೆಂಟು ಹೋಯಿತು. ಹುಡುಗಿಯ ಮುಖ ಸಪ್ಪೆ. "ಇನ್ನು ಎಂತ ಮಾಡುದು ಮಾವ?" ನಾನು ಹೇಳಿದೆ, "ಕೆಂಡದಡ್ಯೆ ಮಾಡ್ತಿರಲಿಲ್ವಾ ಮಗಾ, ಹಾಗೆಯೇ ಮಾಡುವ." ದಪ್ಪ ತಳದ ಉರುಳಿಗೆ ಸ್ವಲ್ಪ ಮರಳು ಹಾಕಿ, ತಟ್ಟೆಯನ್ನು ಅದರ ಮೇಲಿಟ್ಟು, ಮುಚ್ಚಳ ಮುಚ್ಚಿ, ಅಡಿಯಲ್ಲೂ ಮುಚ್ಚಳದ ಮೇಲೂ ಗೆರಟೆ ಕೆಂಡ ಹರಡಿದೆವು. ಮುಕ್ಕಾಲು ಗಂಟೆ ಬಿಟ್ಟು ತೆಗೆದರೆ ಮೇಲ್ಭಾಗ ಕೆಂಪಗೆ ಗರಿಗರಿ. ಚಿಮಿಣಿ ಬೆಳಕಿನಲ್ಲಿ ಉಂಡೆವು. ಅಡಿಯ ಬಟಾಟೆ ಮೆದು, ನಡುವೆ ಹುಳಿ, ಮೇಲೆ ಮಾಂಸದ ಕೊಬ್ಬು. ಆ ಹುಳಿ ಇಲ್ಲದಿದ್ದರೆ ಎರಡು ತುತ್ತಿಗೇ ಜಡ್ಡು ಹಿಡಿಯುತ್ತಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ.

ಊಟ ಆದ ಮೇಲೆ ಅವಳು ಕೇಳಿದಳು. "ಮಾವ, ಅತ್ತೆ ಉಪ್ಪುಸೊಳೆ ಹೇಗೆ ಹಾಕ್ತಿದ್ರು? ನಮ್ಮಮ್ಮನಿಗೂ ಸರಿ ಗೊತ್ತಿಲ್ಲ. ಉಪ್ಪು ಎಷ್ಟು?"

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅರವತ್ತು ವರ್ಷ ತಿಂದವನು ನಾನು. ಹೆಂಡತಿ ಬಡಿಸುವಾಗ ಉಪ್ಪು ಜಾಸ್ತಿ ಆಯಿತು ಎಂದು ಗದರಿದ್ದು ನೆನಪುಂಟು. ಎಷ್ಟು ಹಾಕ್ತಿ ಎಂದು ಒಮ್ಮೆಯೂ ಕೇಳಿದ್ದು ನೆನಪಿಲ್ಲ. "ಅಂದಾಜಿಗೆ" ಎಂದು ಹೇಳಿ ಎದ್ದು ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನವೇ ಭರಣಿ ಇಳಿಸಿ ತೊಳೆದೆ. ಎರಡು ಬಕ್ಕೆ ಹಲಸಿನಕಾಯಿ ಕೊಯ್ದು ಒಬ್ಬನೇ ಸೊಳೆ ಬಿಡಿಸಿದೆ. ಹುಡುಗಿ ಹೇಳಿದ ಲೆಕ್ಕ ತಲೆಯಲ್ಲಿತ್ತು, ಕಿಲೋಗೆ 20 ಗ್ರಾಮು. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಅಷ್ಟೇ ಹಾಕಿದೆ. ಹತ್ತು ದಿನ ಬಿಟ್ಟು ಬಟ್ಟೆ ಬಿಚ್ಚಿದರೆ ಲೋಳೆ, ನಾತ, ಮೇಲೆಲ್ಲ ಬೂಸಲು. ತೆಂಗಿನ ಬುಡಕ್ಕೆ ಸುರಿದೆ. ಸತ್ಯ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಹಾಳಾದದ್ದು ಎರಡು ಹಲಸಿನಕಾಯಿ ಅಷ್ಟೇ, ಆದರೆ ನನಗೆ ಅವಳನ್ನೇ ಇನ್ನೊಮ್ಮೆ ಕಳೆದುಕೊಂಡ ಹಾಗೆ ಆಯಿತು.

ಗುಡ್ಡೆಯ ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ಅಕ್ಕ ಒಬ್ಬರಿದ್ದಾರೆ. ಅವರ ಹತ್ತಿರ ಹೋದೆ. ಕೇಳಿ ನಕ್ಕರು. "ಅಲ್ಲ ತಮ್ಮಾ, ಅದು ಚಳಿಯ ಊರಿನ ಲೆಕ್ಕ. ಅವರದ್ದು ಹುಳಿ ಬರಬೇಕು, ನಮ್ಮದು ಹುಳಿ ಬರಬಾರದು. ಈ ಸೆಕೆಗೆ ಅಷ್ಟು ಉಪ್ಪು ಸಾಕಾ?" ಎಂದರು. ಕೂತಲ್ಲಿಂದಲೇ ಹೇಳಿಕೊಟ್ಟರು. ನಾನು ಮಗುವಿನ ಹಾಗೆ ಪೆನ್ನು ಹಿಡಿದು ಬರೆದುಕೊಂಡೆ. ಇಲ್ಲಿಯೂ ಬರೆಯುತ್ತೇನೆ.

ಕಾಯಿ ಬೆಳೆದಿರಬೇಕು, ಹಣ್ಣಿನ ಪರಿಮಳ ಬಂದಿರಬಾರದು. ಬೇಳೆ, ಸಾರೆ ಎಲ್ಲ ತೆಗೆದು ಸೊಳೆಯನ್ನು ಸೀಳಬೇಕು. ನೀರು ತಾಗಿಸಬಾರದು, ಭರಣಿಯನ್ನು ಬಿಸಿಲಿಗೆ ಒಣಗಿಸಿರಬೇಕು. ಐದು ಕುಡ್ತೆ ಸೊಳೆಗೆ ಒಂದು ಕುಡ್ತೆ ಕಲ್ಲುಪ್ಪು. ಬೆರೆಸಿ ಒತ್ತಿ ಒತ್ತಿ ತುಂಬಬೇಕು, ನಡುವೆ ಗಾಳಿ ನಿಲ್ಲಬಾರದು. ಮೇಲೆ ಬಾಳೆಲೆ, ಅದರ ಮೇಲೆ ತೊಳೆದು ಒಣಗಿಸಿದ ಕಲ್ಲು. ಎರಡು ಮೂರು ದಿನದಲ್ಲಿ ಸೊಳೆ ತನ್ನದೇ ನೀರಲ್ಲಿ ಮುಳುಗಬೇಕು. ಮುಳುಗದಿದ್ದರೆ ಉಪ್ಪುನೀರು ಕುದಿಸಿ, ತಣಿಸಿ ಹಾಕಬೇಕು. ತೆಗೆಯುವಾಗ ಒಣ ಸೌಟು. ಅಡಿಗೆಗೆ ಮೊದಲು ನೀರಲ್ಲಿ ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ, ಹಿಂಡಿ, ಒಂದು ಎಸಳು ಬಾಯಿಗೆ ಹಾಕಿ ನೋಡಬೇಕು.

ಜೂನ್ ಮೊದಲ ವಾರ ಮರದಲ್ಲಿ ಉಳಿದಿದ್ದ ಕಡೆಯ ಕಾಯಿಗಳನ್ನು ಹಾಗೆಯೇ ಹಾಕಿದೆ. ಆಟಿಯಲ್ಲಿ ಒಂದು ದಿನ, ಹೊರಗೆ ಮಳೆ ಹೊಯ್ಯುವಾಗ, ಕಲ್ಲು ಎತ್ತಿದೆ. ಸೊಳೆ ಹಳದಿ ಬಣ್ಣದಲ್ಲಿ ಹಾಗೆಯೇ ಇತ್ತು, ನಾತ ಇಲ್ಲ. ತೊಳೆದು ಹಿಂಡಿ, ಒಣಮೆಣಸು, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ತೆಂಗಿನಕಾಯಿ ತುರಿದು ಪಲ್ಯ ಮಾಡಿದೆ. ಹೆಂಡತಿ ಮಾಡಿದ ಹಾಗೆ ಆಗಲಿಲ್ಲ. ಉಪ್ಪು ಸ್ವಲ್ಪ ಜಾಸ್ತಿಯೇ ಉಳಿದಿತ್ತು. ಗದರಲು ಯಾರೂ ಇರಲಿಲ್ಲ, ಸುಮ್ಮನೆ ಉಂಡೆ.

ಅಕ್ಕನ ಮನೆಗೆ ಒಂದು ಡಬ್ಬ ಕೊಟ್ಟು ಬಂದೆ. ರಾತ್ರಿ ಜರ್ಮನಿಗೆ ಫೋನು ಮಾಡಿಸಿ ಹುಡುಗಿಗೆ ಹೇಳಿದೆ, "ಮಗಾ, ಅಂದಾಜು ಅಲ್ಲ, ಐದಕ್ಕೆ ಒಂದು." ಅವಳು ಬರೆದುಕೊಂಡಳು.

ಹಾಡನ್ನು ಬರೆದಿಟ್ಟುಕೊಳ್ಳಲು, ರೆಕಾರ್ಡು ಮಾಡಲು ಪೇಟೆಯಿಂದಲೂ ಜನ ನಮ್ಮಲ್ಲಿಗೆ ಬಂದಿದ್ದಾರೆ. ಉಪ್ಪಿನ ಲೆಕ್ಕ ಕೇಳಲು ಯಾರೂ ಬಂದದ್ದಿಲ್ಲ. ನಿಮ್ಮ ಮನೆಯಲ್ಲಿ ಹೇಳುವವರು ಇದ್ದರೆ ಈ ಮೇ ತಿಂಗಳಲ್ಲಿ ಅವರ ಹತ್ತಿರ ಕೂತು ಕೈಯನ್ನು ನೋಡಿ. ಹಾಡಿದರೆ ಹಾಡನ್ನೂ ಕೇಳಿ.