ಹನ್ನೆರಡು ಮಂದಿಯನ್ನು ಮನೆಯೊಳಗೆ ಕರೆದವರು

1926ರ ಮೇ 11, ಮಂಗಳವಾರ. ಡೆಟ್ರಾಯಿಟ್ ನಗರದ ರೆಕಾರ್ಡರ್ಸ್ ಕೋರ್ಟ್. ನೀವು ಒಳಗೆ ಕಾಲಿಡುವ ಹೊತ್ತಿಗೆ ಬೆಂಚುಗಳೆಲ್ಲ ಭರ್ತಿ. ಗೋಡೆಗೆ ಒರಗಿ ನಿಲ್ಲುವಷ್ಟು ಜಾಗ ಸಿಕ್ಕರೂ ಪುಣ್ಯ. ಸುತ್ತಮುತ್ತ ಕಪ್ಪು ಜನ ಕಿಕ್ಕಿರಿದಿದ್ದಾರೆ. ಇನ್ನು ಜ್ಯೂರಿಯ ಸಾಲಿನ ಕಡೆ ಕಣ್ಣು ಹಾಯಿಸಿ: ಹನ್ನೆರಡು ಮಂದಿ, ಹನ್ನೆರಡೂ ಬಿಳಿಯ ಗಂಡಸರು. ಆರೋಪಿ ಹೆನ್ರಿ ಸ್ವೀಟ್ ಎಂಬ ಕಪ್ಪು ವಿದ್ಯಾರ್ಥಿ ಜೈಲಿಗೆ ಹೋಗಬೇಕೋ ಮನೆಗೆ ಹೋಗಬೇಕೋ ಎಂದು ತೀರ್ಮಾನಿಸುವವರು ಅವರು. ಪೀಠದಲ್ಲಿರುವ ನ್ಯಾಯಾಧೀಶ ಫ್ರಾಂಕ್ ಮರ್ಫಿ ಕಾನೂನು ಏನೆಂದು ತಿಳಿಸಿ ಹೇಳಬಲ್ಲರು, ಅಷ್ಟೇ. ಕೊಲೆಗಾರ ಹೌದೋ ಅಲ್ಲವೋ ಎಂಬುದು ಆ ಹನ್ನೆರಡು ಮಂದಿಯ ಕೈಯಲ್ಲಿದೆ, ಅದೂ ಒಮ್ಮತದಿಂದ ಆಗಬೇಕು.

ಕ್ಲಾರೆನ್ಸ್ ಡಾರೋ ಎದ್ದು ನಿಲ್ಲುತ್ತಾರೆ. 69 ವರ್ಷ, ಬಾಗಿದ ಭುಜ, ಇಸ್ತ್ರಿ ಕಾಣದಂಥ ಉಡುಪು. ಹಿಂದಿನ ಬೇಸಿಗೆಯಲ್ಲಿ ಟೆನಿಸಿಯ ಸ್ಕೋಪ್ಸ್ ಮೊಕದ್ದಮೆಯಲ್ಲಿ ವಿಕಾಸವಾದದ ಪರ ವಾದಿಸಿ ದೇಶವೆಲ್ಲ ಹೆಸರಾದವರು. ಅಂಥವರು ಗುಡುಗುತ್ತಾರೆಂದು ಕಾದಿದ್ದೀರಿ. ಅವರ ದನಿ ಮಾತ್ರ ಎಷ್ಟು ತಗ್ಗಿದೆಯೆಂದರೆ, ಜ್ಯೂರಿಯ ಹಿಂದಿನ ಸಾಲಿನವರು ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಬೇಕು.

ಕೇಳಿಸುತ್ತಿರುವುದಾದರೂ ಏನು? ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಕಪ್ಪು ಜನರ ಬಗ್ಗೆ ಪೂರ್ವಗ್ರಹ ಇದೆ, ಅದರಲ್ಲಿ ನನಗೆ ಅನುಮಾನವಿಲ್ಲ ಎನ್ನುತ್ತಿದ್ದಾರೆ. ಇದು ಕೊಲೆಯ ಮೊಕದ್ದಮೆಯೇ ಅಲ್ಲ, ಪೂರ್ವಗ್ರಹದ ಮೊಕದ್ದಮೆ. ಹನ್ನೊಂದು ಬಿಳಿಯರು ಕಪ್ಪು ಜನರ ಗುಂಪಿನಿಂದ ತಮ್ಮ ಮನೆ ಉಳಿಸಿಕೊಳ್ಳಲು ಗುಂಡು ಹಾರಿಸಿದ್ದರೆ, ಅವರ ಮೇಲೆ ಮೊಕದ್ದಮೆ ಹೂಡುವ ಯೋಚನೆಯಾದರೂ ಯಾರಿಗೆ ಬರುತ್ತಿತ್ತು ಎಂದು ಕೇಳುತ್ತಿದ್ದಾರೆ.

ತೀರ್ಪು ಕೊಡುವವರ ಮುಖಕ್ಕೇ ಇಂಥ ಮಾತು! ಜ್ಯೂರಿಯನ್ನು ಹೊಗಳಿ ಒಲಿಸಿಕೊಳ್ಳಬೇಕು ಎಂಬುದು ವಕೀಲಿ ವೃತ್ತಿಯ ಹಳೆಯ ನಂಬಿಕೆ. ಡಾರೋ ಅವರ ದಾರಿ ಅದಲ್ಲ. ಮುಚ್ಚಿಟ್ಟ ಪೂರ್ವಗ್ರಹ ಜ್ಯೂರಿ ಕೋಣೆಯ ಬಾಗಿಲು ಮುಚ್ಚಿದ ಮೇಲೆ ತನ್ನ ಕೆಲಸ ತಾನು ಮಾಡುತ್ತದೆ. ಬಹಿರಂಗವಾಗಿ ಹೆಸರಿಟ್ಟು ಕರೆದರೆ, ಒಳಗೆ ಹೋದವನು ತನ್ನನ್ನು ತಾನೇ ಕಾಯಬೇಕಾಗುತ್ತದೆ. ಅವರ ಇಡೀ ವಾದದ ಬುನಾದಿ ಇದು ಎಂದು ನಾನು ತಿಳಿದಿದ್ದೇನೆ.

ಇಷ್ಟಕ್ಕೂ ನಡೆದದ್ದೇನು? ಹೆನ್ರಿಯ ಅಣ್ಣ ಓಸಿಯನ್ ಸ್ವೀಟ್ ವೈದ್ಯರು, ಯುರೋಪಿನಲ್ಲೂ ಕಲಿತು ಬಂದವರು. ಮೋಟಾರು ಕಾರ್ಖಾನೆಗಳ ಈ ಊರಲ್ಲಿ 1910ರಲ್ಲಿ ಆರು ಸಾವಿರದಷ್ಟೂ ಇರದಿದ್ದ ಕಪ್ಪು ಜನ ಹದಿನೈದು ವರ್ಷಗಳಲ್ಲಿ ಹತ್ತು ಪಟ್ಟಿಗೂ ಮೀರಿ ಬೆಳೆದಿದ್ದರು. ವಾಸಕ್ಕೆ ಮಾತ್ರ ಅದೇ ಹಳೆಯ ಇಕ್ಕಟ್ಟಿನ ಕೇರಿ. ಓಸಿಯನ್ ಬಿಳಿಯರ ಬಡಾವಣೆಯಲ್ಲಿ, ಗಾರ್ಲೆಂಡ್ ರಸ್ತೆಯ ಮೂಲೆಯಲ್ಲಿ 18,500 ಡಾಲರಿಗೆ ಮನೆ ಕೊಂಡರು. 1925ರ ಸೆಪ್ಟೆಂಬರ್ 8ರಂದು ಹೆಂಡತಿ ಗ್ಲಾಡಿಸ್ ಜೊತೆ ಬಂದು ಇಳಿದರು. ಸಾಮಾನಿನ ಜೊತೆ ಬಂದೂಕುಗಳೂ ಬಂದವು. ಮರುದಿನ ಸಂಜೆ ಹೊರಗೆ ಜನ ಸೇರಿದರು, ಕಲ್ಲು ಬಿತ್ತು, ಮೇಲಂತಸ್ತಿನಿಂದ ಗುಂಡು ಹಾರಿತು. ಲಿಯಾನ್ ಬ್ರೈನರ್ ಎಂಬ ಬಿಳಿಯ ಸತ್ತರು. ಮನೆಯಲ್ಲಿದ್ದ ಹನ್ನೊಂದು ಮಂದಿಯೂ ಕೊಲೆ ಆರೋಪಿಗಳಾದರು.

ಎಲ್ಲರನ್ನೂ ಒಟ್ಟಿಗೆ ವಿಚಾರಣೆ ಮಾಡಿದ ಮೊದಲ ಮೊಕದ್ದಮೆಯಲ್ಲಿ ಜ್ಯೂರಿ 46 ಗಂಟೆ ಚರ್ಚಿಸಿಯೂ ಒಮ್ಮತಕ್ಕೆ ಬರಲಿಲ್ಲ. ಆಮೇಲೆ ಒಬ್ಬೊಬ್ಬರದೂ ಬೇರೆ ವಿಚಾರಣೆ ಆಗಲಿ ಎಂದು ಡಾರೋ ತಂಡ ಕೇಳಿತು. ಹೆನ್ರಿ ಗುಂಡು ಹಾರಿಸಿದ್ದನ್ನು ಪೊಲೀಸರ ಮುಂದೆ ಒಪ್ಪಿಕೊಂಡಿದ್ದ. ಹಾಗಾಗಿ ಸರ್ಕಾರಿ ವಕೀಲ ರಾಬರ್ಟ್ ಟಾಮ್ಸ್ ಅವನನ್ನೇ ಮೊದಲು ಆರಿಸಿಕೊಂಡರು.

ಟಾಮ್ಸ್ ದಡ್ಡರಲ್ಲ. ಡಾರೋ ಜೊತೆ ಜಗಳಕ್ಕಿಳಿಯದೆ ವಿಚಾರಣೆಯುದ್ದಕ್ಕೂ ಮೆದುವಾಗಿ ನಡೆದುಕೊಂಡಿದ್ದಾರೆ. ಎದುರಾಳಿ ಸಿಡಿದರೆ ತಾನೇ ಡಾರೋ ಅವರಿಗೆ ಹಿಡಿತ ಸಿಗುವುದು? ಟಾಮ್ಸ್ ಜ್ಯೂರಿಯ ಮುಂದಿಟ್ಟ ಚಿತ್ರವೂ ಬಲವಾದದ್ದೇ: ಬಾಯಲ್ಲಿ ಪೈಪು ಇಟ್ಟುಕೊಂಡಿದ್ದ ನೆರೆಯವನೊಬ್ಬನ ಬೆನ್ನಿಗೆ ಗುಂಡು ಬಿದ್ದಿದೆ. ಅವನಿಗೂ ಬದುಕುವ ಹಕ್ಕಿರಲಿಲ್ಲವೇ? ಅಲ್ಲಿ ಗುಂಪೇ ಇರಲಿಲ್ಲ, ಅಲ್ಲೊಬ್ಬರು ಇಲ್ಲೊಬ್ಬರು ಇದ್ದರಷ್ಟೇ ಎಂದು ಸಾಲು ಸಾಲಾಗಿ ಸಾಕ್ಷಿಗಳನ್ನು ನಿಲ್ಲಿಸಿದ್ದರು.

ಆ ಸಾಕ್ಷಿಗಳನ್ನು ಡಾರೋ ಎದುರಿಸಿದ ಬಗೆ ತಿಳಿಯಲು ಹಿಂದಿನ ನವೆಂಬರಿಗೆ, ಮೊದಲ ವಿಚಾರಣೆಗೆ ಹೋಗಬೇಕು. ಸಾಕ್ಷಿಕಟ್ಟೆಯಲ್ಲಿ ಒಬ್ಬ ಹುಡುಗ. ಏನು ಕಂಡೆ ಎಂದು ಕೇಳಿದಾಗ ಬಹಳ ಜನ ಎಂದು ಶುರುಮಾಡಿ, ದೊಡ್ಡ ಗುಂಪು ಎಂದು ತಡವರಿಸಿ, ಕೆಲವು ಜನ ಎಂದು ತಿದ್ದಿಕೊಳ್ಳುತ್ತಾನೆ. ಪಾಟಿ ಸವಾಲಿಗೆ ಎದ್ದ ಡಾರೋ ಗದರಿಸುವುದಿಲ್ಲ. ಇದರ ಬಗ್ಗೆ ಯಾರ ಹತ್ತಿರವಾದರೂ ಮಾತಾಡಿದ್ದೆಯಾ? ಹೌದು, ಪೊಲೀಸ್ ಅಧಿಕಾರಿ ಹತ್ತಿರ. ಮೊದಲು ಉತ್ತರ ಹೇಳುವಾಗ ‘ಕೆಲವು ಜನ’ ಅನ್ನೋದು ಮರೆತುಹೋಯಿತು, ಅಲ್ಲವೇನಪ್ಪಾ?

ಹೌದು ಸರ್, ಎನ್ನುತ್ತಾನೆ ಹುಡುಗ.

ಮುಂದೆ ಪ್ರಶ್ನೆಯಿಲ್ಲ, ಬೇಕಾಗಿಯೂ ಇಲ್ಲ. ಇದು ಸುಳ್ಳು ಎಂದು ಜ್ಯೂರಿಗೆ ವಕೀಲರು ಹೇಳಲಿಲ್ಲ, ಜ್ಯೂರಿಯವರೇ ಕಿವಿಯಾರೆ ಕೇಳಿದರು. ಯಾರೋ ಹೇಳಿದ್ದನ್ನು ಅನುಮಾನಿಸಬಹುದು. ತಾನೇ ಕಂಡುಕೊಂಡದ್ದನ್ನು ಮನುಷ್ಯ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಮಿಷಿಗನ್ ರಾಜ್ಯದಲ್ಲಿ 1860ರ ಪಾಂಡ್ ಪ್ರಕರಣದ ತೀರ್ಪೊಂದಿದೆ. ಆತ್ಮರಕ್ಷಣೆಗೆ ನಿಂತವನನ್ನು ಅಳೆಯಬೇಕಾದದ್ದು ಆ ಹೊತ್ತಿನಲ್ಲಿ ಅವನಿಗೆ ಕಂಡ ಅಪಾಯದಿಂದ, ಆಮೇಲೆ ಸಾವಧಾನವಾಗಿ ಮಾಡಿದ ಲೆಕ್ಕದಿಂದಲ್ಲ ಎಂಬುದು ಅದರ ಸಾರ. ಡಾರೋ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಹಾಗಾದರೆ ರಸ್ತೆಯಲ್ಲಿ ಎಷ್ಟು ತಲೆಗಳಿದ್ದವು ಎನ್ನುವುದೊಂದೇ ಪ್ರಶ್ನೆಯಾಗಿ ಉಳಿಯುವುದಿಲ್ಲ. ಒಳಗಿದ್ದವರ ತಲೆಯಲ್ಲಿ ಏನಿತ್ತು ಎಂಬುದೂ ಸಾಕ್ಷ್ಯವೇ ಆಗುತ್ತದೆ. ಫ್ಲಾರಿಡಾದ ಬಾಲ್ಯದಲ್ಲಿ ಗುಂಪು ಸೇರಿ ಕಪ್ಪು ಮನುಷ್ಯನನ್ನು ಸುಟ್ಟದ್ದು, ಟಲ್ಸಾ ನಗರದಲ್ಲಿ ನಡೆದ ಕಪ್ಪು ಜನರ ಹತ್ಯಾಕಾಂಡ, ಇದೇ ಡೆಟ್ರಾಯಿಟ್‌ನಲ್ಲಿ ಕೆಲವೇ ತಿಂಗಳ ಹಿಂದೆ ಟರ್ನರ್ ಎಂಬ ಕಪ್ಪು ವೈದ್ಯರನ್ನು ಕೊಂಡ ಮನೆಯಿಂದ ಹೊರಹಾಕಿದ್ದು: ಎಲ್ಲವನ್ನೂ ಓಸಿಯನ್ ಸಾಕ್ಷಿಕಟ್ಟೆಯಲ್ಲಿ ಹೇಳಲು ಮರ್ಫಿ ಅವಕಾಶ ಕೊಟ್ಟರು. ನ್ಯಾಯಾಧೀಶರ ಆ ಒಂದು ಅನುಮತಿ ಇಲ್ಲದಿದ್ದರೆ ಡಾರೋ ಮಾತಿನ ಅರ್ಧ ಬಲ ಕುಸಿಯುತ್ತಿತ್ತು ಎಂಬುದನ್ನು ಅವರ ಅಭಿಮಾನಿಗಳು ಮರೆಯಬಾರದು.

ಮತ್ತೆ ಈ ಮೇ ತಿಂಗಳ ಮಂಗಳವಾರಕ್ಕೆ ಬನ್ನಿ. ಡಾರೋ ಮಾತು ಗಂಟೆಗಟ್ಟಲೆ ಸಾಗಿದೆ. ಒಮ್ಮೆ ಪಿಸುಗುಟ್ಟುತ್ತಾರೆ, ಒಮ್ಮೆ ಮುಷ್ಟಿ ಎತ್ತುತ್ತಾರೆ. ಹನ್ನೆರಡು ಬಿಳಿಯರನ್ನು ಗಾರ್ಲೆಂಡ್ ರಸ್ತೆಯ ಆ ಮನೆಯೊಳಗೆ ಕರೆದೊಯ್ಯುತ್ತಿದ್ದಾರೆ, ನೀವೂ ಜೊತೆಗೆ ನಡೆಯಿರಿ. ಗ್ಲಾಡಿಸ್ ಅಡುಗೆಮನೆಯಲ್ಲಿದ್ದಾಳೆ. ಗಂಡಸರು ಇಸ್ಪೀಟು ಆಡುತ್ತಿದ್ದಾರೆ. ಮನೆಯ ಮೇಲೆ ಏನೋ ಬಿದ್ದ ಸದ್ದು. ಕಿಟಕಿಯಿಂದ ಇಣುಕಿದವನು, ಅಯ್ಯೋ ಜನ ಎನ್ನುತ್ತಾನೆ. ಟ್ಯಾಕ್ಸಿಯೊಂದು ಬಂದು ನಿಲ್ಲುತ್ತದೆ. ಅದರಿಂದ ಇಳಿದ ತಮ್ಮ ಓಟಿಸ್ ಮತ್ತು ಅವನ ಗೆಳೆಯನತ್ತ ಬೈಗುಳ, ಕಲ್ಲು. ಅವರನ್ನು ಒಳಗೆ ಬಿಡಲು ಓಸಿಯನ್ ಬಾಗಿಲು ತೆರೆಯುತ್ತಾರೆ. ಎದುರಿಗೆ ಆ ಜನಸಮೂಹ. ಪೊಲೀಸರಿದ್ದಾರೆ, ಆದರೆ ಯಾರನ್ನೂ ಚದುರಿಸುತ್ತಿಲ್ಲ. ಈಗ ನಿಮ್ಮ ಚರ್ಮ ಕಪ್ಪೆಂದು ಭಾವಿಸಿಕೊಳ್ಳಿ. ಏನು ಮಾಡುತ್ತೀರಿ?

ಬ್ರೈನರ್ ಬಗ್ಗೆ ಡಾರೋ ಆಡುವ ಮಾತು ಕಠೋರ. ಪೈಪು ಸೇದುತ್ತಿದ್ದರೇನು, ಅವರೂ ಆ ಸಂಚಿನ ಪಾಲುದಾರರೇ ಎನ್ನುತ್ತಾರೆ. ಸತ್ತವರ ಮನೆಯವರು ಅದನ್ನು ಹೇಗೆ ಕೇಳಿಸಿಕೊಂಡಾರು ಎಂದು ನನ್ನ ಮನಸ್ಸು ಹಿಂಜರಿಯುತ್ತದೆ. ಆದರೂ ಆ ಪೈಪಿನ ಚಿತ್ರಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿರಲಿಲ್ಲ, ಹೆನ್ರಿಯ ಬದುಕು ಅದಕ್ಕೆ ಸಿಕ್ಕಿಕೊಂಡಿತ್ತು.

ಸುಮಾರು ಏಳು ಗಂಟೆಗಳ ಬಳಿಕ ದನಿ ಮತ್ತೆ ತಗ್ಗುತ್ತದೆ. ಕಾನೂನು ಕಪ್ಪು ಮನುಷ್ಯನನ್ನು ಸಮಾನನನ್ನಾಗಿ ಮಾಡಿದೆ, ಮನುಷ್ಯರು ಮಾಡಿಲ್ಲ ಎನ್ನುತ್ತಾರೆ. ಪ್ರಗತಿಯ ಹೆಸರಿನಲ್ಲಿ, ಮನುಷ್ಯಕುಲದ ಹೆಸರಿನಲ್ಲಿ ಈ ಹುಡುಗನನ್ನು ಬಿಡುಗಡೆ ಮಾಡಿ ಎಂದು ಕೇಳಿ ಕೂರುತ್ತಾರೆ. ಕಪ್ಪು ಜನರ ಹಕ್ಕಿನ ಸಂಘಟನೆ ಎನ್‌ಎಎಸಿಪಿಯ ಮುಖಂಡ, ಕವಿ ಜೇಮ್ಸ್ ವೆಲ್ಡನ್ ಜಾನ್ಸನ್ ಡಾರೋ ಬಳಿಗೆ ಬರುತ್ತಾರೆ. ಏನೋ ಹೇಳಲು ಹೋಗಿ ಮಾತು ಹೊರಡದೆ ಅತ್ತುಬಿಡುತ್ತಾರೆ.

ಮೇ 13. ಜ್ಯೂರಿ ನಾಲ್ಕು ಗಂಟೆಯೊಳಗೆ ಹೊರಬಂದಿದೆ. ಮುಖ್ಯಸ್ಥ ಎದ್ದು, ತಪ್ಪಿತಸ್ಥನಲ್ಲ ಎನ್ನುತ್ತಾನೆ. ಮುಂದಿನ ವರ್ಷ ಟಾಮ್ಸ್ ತಾವೇ ಉಳಿದ ಹತ್ತು ಮಂದಿಯ ಮೇಲಿನ ಆರೋಪ ಕೈಬಿಟ್ಟರು.