ಗುಜರಿಗೆ ಹೊರಟಿದ್ದ ಸೈಕಲ್ಲು



ನಿಮ್ಮ ತವರುಮನೆಯ ಹಿತ್ತಲಲ್ಲೋ ಮೆಟ್ಟಿಲ ಕೆಳಗೋ ತುಕ್ಕು ಹಿಡಿದ ಸೈಕಲ್ಲೊಂದು ನಿಂತಿದೆಯೇ? ಇದ್ದರೆ, ಅದನ್ನು ಗುಜರಿಯವನ ತಕ್ಕಡಿಗೆ ಹಾಕುವ ಮುಂಚೆ ನನ್ನ ಈ ನಾಲ್ಕು ಮಾತು ಕೇಳಿ.

ನನ್ನ ತವರು ಕೆಂಗೇರಿ. ಈಗ ಅಲ್ಲಿಗೆ ಮೆಟ್ರೋ ರೈಲೇ ಹೋಗುತ್ತದೆ. ನಾನು ಹೇಳುತ್ತಿರುವುದು 1994ರ ಮಾತು. ಆಗಿನ್ನೂ ಕೆಂಗೇರಿ ಬೆಂಗಳೂರು ಪಾಲಿಕೆಗೆ ಸೇರಿರಲಿಲ್ಲ, ಸೇರಿದ್ದು 2007ರಲ್ಲಿ. ಅಣ್ಣ ಪಿಯುಸಿಗೆ ಸೇರಿದನೆಂದು ಅಪ್ಪ ಅವನಿಗೊಂದು ಹೀರೋ ರೇಂಜರ್ ಸೈಕಲ್ಲು ಕೊಡಿಸಿದರು. ಕಪ್ಪು ಬಣ್ಣದ ಎತ್ತರದ ಸೈಕಲ್ಲುಗಳನ್ನಷ್ಟೇ ಕಂಡಿದ್ದ ನಮ್ಮ ಬೀದಿಗೆ ಅದೊಂದು ಸೋಜಿಗ. ನೆಟ್ಟಗಿನ ಹ್ಯಾಂಡಲ್ಲು, ಉಬ್ಬುಬ್ಬಾದ ದಪ್ಪ ಟೈರು, ಕೆಂಪು ಬಣ್ಣ. "ಬೆಟ್ಟ ಹತ್ತೋ ಸೈಕಲ್ಲಂತೆ ಕಣೋ" ಎಂದು ಹುಡುಗರು ಬಂದು ಮುಟ್ಟಿ ನೋಡಿ ಹೋಗುತ್ತಿದ್ದರು. ನಮ್ಮದಕ್ಕೆ ಗೇರು ಇರಲಿಲ್ಲ, ಹತ್ತಲು ಬೆಟ್ಟವೂ ಇರಲಿಲ್ಲ. ಆದರೂ ಜಂಭಕ್ಕೇನು ಕಡಿಮೆ!

ನಾನಾಗ ಒಂಬತ್ತನೇ ತರಗತಿ. ಅಣ್ಣ ಮಧ್ಯಾಹ್ನ ಮಲಗಿದಾಗ ಮೆಲ್ಲಗೆ ಸೈಕಲ್ಲು ತಳ್ಳಿಕೊಂಡು ಹೋಗಿ, ಬೀಳುತ್ತಾ ಏಳುತ್ತಾ ಒಂದು ತಿಂಗಳಲ್ಲಿ ಕಲಿತುಬಿಟ್ಟೆ. ಒಂದು ದಿನ ಲಂಗ ಚೈನಿಗೆ ಸಿಕ್ಕಿ ಹರಿದು ಗುಟ್ಟು ರಟ್ಟಾಯಿತು. ಅಪ್ಪ ಬೈಯಲಿಲ್ಲ. "ಹೆಣ್ಣುಮಕ್ಕಳಿಗೆ ಇದೆಲ್ಲ ಬೇಡ ಮಗು, ನೋಡಿದೋರು ಏನಾದ್ರೂ ಅಂದಾರು" ಅಂದರು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅಷ್ಟು ಮೆತ್ತಗೆ ಹೇಳಿದ್ದಕ್ಕೆ ನನಗೆ ಎದುರು ಮಾತೇ ಹೊಳೆಯಲಿಲ್ಲ. 1996ರಲ್ಲಿ ಎಸ್.ಎಸ್.ಎಲ್.ಸಿ. ಪಾಸಾದೆ. ಕಾಲೇಜು ದೂರ, ಬಸ್ಸಿನ ನೂಕುನುಗ್ಗಲಿಗೆ ಕಳಿಸಲು ಮನೆಯವರಿಗೆ ಭಯ, ಸೈಕಲ್ಲಂತೂ ಕೂಡದು. ನನ್ನ ಓದು ಅಲ್ಲಿಗೇ ನಿಂತಿತು.

ಅಪ್ಪನನ್ನು ದೂರುತ್ತಿಲ್ಲ, ಅವರಿದ್ದ ಬೀದಿ ಹಾಗಿತ್ತು. ಆದರೆ ಎಲ್ಲ ಕಡೆಯೂ ಹಾಗೇ ಇರಲಿಲ್ಲ ನೋಡಿ. ಪಕ್ಕದ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1991ರ ಸುಮಾರಿಗೆ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿಯ ಸಾವಿರಾರು ಹೆಂಗಸರು ಸೈಕಲ್ ಕಲಿತರು. ನಮ್ಮ ರಾಜ್ಯದಲ್ಲೂ 2006-07ರಲ್ಲಿ ಸರ್ಕಾರವೇ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಹಂಚತೊಡಗಿತು. ಯೂನಿಫಾರಂ ತೊಟ್ಟ ಹುಡುಗಿಯರು ಸಾಲಾಗಿ ಸೈಕಲ್ ಮೇಲೆ ಹೋಗುವುದನ್ನು ಕಂಡಾಗಲೆಲ್ಲ, ನಾನು ಹತ್ತು ವರ್ಷ ಬೇಗ ಹುಟ್ಟಿಬಿಟ್ಟೆನಲ್ಲ ಅನ್ನಿಸುತ್ತಿತ್ತು.

ಹೋದ ವರ್ಷ ಕೆಂಗೇರಿಯ ಹಳೇ ಮನೆ ಕೆಡವಿ ಹೊಸದು ಕಟ್ಟುವುದೆಂದಾಯಿತು. ಸಾಮಾನು ಸಾಗಿಸುವಾಗ ಮೆಟ್ಟಿಲ ಕೆಳಗಿನಿಂದ ಆ ಸೈಕಲ್ಲು ಹೊರಬಂತು. ಟೈರು ಒಣಗಿ ಬಿರಿದಿತ್ತು. ಚೈನು ಕಬ್ಬಿಣದ ಕೋಲಿನಂತೆ ಸೆಟೆದಿತ್ತು. "ತೂಕಕ್ಕೆ ಹಾಕಿದ್ರೆ ಮುನ್ನೂರೋ ನಾನೂರೋ ಬರಬಹುದು" ಎಂದ ಅಣ್ಣ.

"ನನಗೆ ಕೊಡಣ್ಣ" ಎಂದೆ. ಬಾಯಿಂದ ಮಾತು ಹೊರಬಿದ್ದ ಮೇಲೆ ನನಗೇ ಆಶ್ಚರ್ಯವಾಯಿತು.

ಲಗೇಜ್ ಆಟೋದಲ್ಲಿ ಅದು ಬಸವೇಶ್ವರನಗರದ ನಮ್ಮ ಮನೆಗೆ ಬಂತು. "ಇದನ್ನಿಟ್ಕೊಂಡು ಏನ್ ಮಾಡ್ತೀಯೆ? ಬೇಕಿದ್ರೆ ಹೊಸದೇ ತರೋಣ" ಎಂದರು ನಮ್ಮವರು. ಅತ್ತೆಯವರು ನೋಡಿ, "ರಂಗೋಲಿ ಹಾಕೋ ಜಾಗ ಬಿಟ್ಟು ಇಡಮ್ಮ" ಎಂದಷ್ಟೇ ಹೇಳಿದರು. ಹೊಸದು ಯಾಕೆ ಬೇಡ ಎಂದು ನಮ್ಮವರಿಗೆ ಆಗ ವಿವರಿಸಲು ಆಗಲಿಲ್ಲ. ನನಗೆ ಬೇಡ ಅಂದದ್ದು ಇದೇ ಸೈಕಲ್ಲನ್ನಲ್ಲವೇ?

ನಮ್ಮ ಬಡಾವಣೆಯ ಹಳೆಯ ಸೈಕಲ್ ಅಂಗಡಿಯ ಯಜಮಾನರಿಗೆ ತೋರಿಸಿದೆ. ಅವರು ಮೊದಲು ನೋಡಿದ್ದು ಫ್ರೇಮಿನ ಬೆಸುಗೆಗಳನ್ನು. "ಸ್ಟೀಲಮ್ಮ ಇದು. ತುಕ್ಕು ಮೇಲೆ ಮೇಲೆ ಇದೆ, ಒಳಗೆ ಗಟ್ಟಿ. ಬಿರುಕು ಬಿಟ್ಟಿದ್ರೂ ಕಾಮಾಕ್ಷಿಪಾಳ್ಯದಲ್ಲಿ ಬೆಸುಗೆ ಹಾಕಿಸಬಹುದಿತ್ತು. ಅಲ್ಯೂಮಿನಿಯಂ ಆದ್ರೆ ಎಲ್ಲರ ಕೈಲೂ ಆಗಲ್ಲ" ಎಂದರು. ಪೂರ್ತಿ ಬಿಚ್ಚಿ, ತೊಳೆದು, ಗ್ರೀಸು ತುಂಬಿ ಜೋಡಿಸುವುದಕ್ಕೆ 'ಓವರಾಯಿಲಿಂಗ್' ಅನ್ನುತ್ತಾರೆ. "ಬಿಚ್ಚೋದು ತೊಳೆಯೋದು ನಾನೇ ಮಾಡ್ತೀನಿ, ಕಷ್ಟದ್ದು ನೀವು ಮಾಡಿಕೊಡಿ" ಎಂದೆ. ಅವರು ನಕ್ಕು ಎರಡು ಸ್ಪ್ಯಾನರು ಎರವಲು ಕೊಟ್ಟರು.

ಮೊದಲ ದಿನವೇ ಎಡಗಡೆ ಪೆಡಲ್ಲು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಅರ್ಧ ಗಂಟೆ ಒದ್ದಾಡಿದ ಮೇಲೆ ತಿಳಿಯಿತು, ಎಡ ಪೆಡಲ್ಲಿನ ಮರೆ ಉಲ್ಟಾ! ಅದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಬಿಚ್ಚಿಕೊಳ್ಳುತ್ತದೆ. ನಾನು ಅಷ್ಟೂ ಹೊತ್ತು ಬಿಗಿ ಮಾಡುತ್ತಿದ್ದೆ. ಹಿಂದಿನ ಚಕ್ರ ಬಿಚ್ಚಿದಾಗ ಒಳಗಿನ ಬಾಲ್ಸೆಲ್ಲ ಅಂಗಳದ ತುಂಬ ಉರುಳಿದವು. ಆರಿಸಿ ಒಗ್ಗರಣೆ ಬಟ್ಟಲಲ್ಲಿ ಹಾಕಿ ಅಂಗಡಿಗೆ ಒಯ್ದೆ. ಯಜಮಾನರು ಎಣಿಸಿ, "ಹದಿನಾರಿದೆ. ಒಂದೊಂದು ಬದಿಗೆ ಒಂಬತ್ತಮ್ಮ, ಇನ್ನೆರಡು ಎಲ್ಲಿ?" ಎಂದರು. ಒಗೆಯುವ ಕಲ್ಲಿನ ಕೆಳಗಿದ್ದವು. ಹೇಗೂ ಹೊಸ ಬಾಲ್ಸೇ ಹಾಕಬೇಕು. ಆದರೂ ಎಷ್ಟಿತ್ತು, ಯಾವ ಅಳತೆ ಎಂದು ಬರೆದಿಟ್ಟುಕೊಳ್ಳಿ. ಬಿಚ್ಚುವಾಗ ಹಳೇ ಸೀರೆ ಹಾಸಿಕೊಳ್ಳಿ.

ತುಕ್ಕು ತೆಗೆಯುವುದು ಮಾತ್ರ ನಮ್ಮ ಅಡಿಗೆಮನೆಯ ವಿದ್ಯೆ. ಹಿತ್ತಾಳೆ ಪಾತ್ರೆಗೆ ಹುಣಿಸೇಹಣ್ಣು ಹಾಕುವುದಿಲ್ಲವೇ? ಸಣ್ಣಪುಟ್ಟ ನಟ್ಟು ಬೋಲ್ಟುಗಳನ್ನು ಗಟ್ಟಿ ಹುಣಿಸೇನೀರಿನಲ್ಲಿ ಒಂದು ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ಉಜ್ಜಿದರೆ ತುಕ್ಕು ಬಿಟ್ಟುಕೊಂಡಿತು. ಆಮೇಲೆ ಅಡಿಗೆ ಸೋಡ ಹಾಕಿದ ನೀರಿನಲ್ಲಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರಬೇಕು. ಇಲ್ಲದಿದ್ದರೆ ಸಂಜೆಗೇ ಮತ್ತೆ ತುಕ್ಕು. ಹೊಳಪಿನ ಹ್ಯಾಂಡಲ್ಲಿಗೆ ಚಪಾತಿ ಸುತ್ತುವ ಬೆಳ್ಳಿ ಹಾಳೆಯನ್ನು ಮುದ್ದೆ ಮಾಡಿ ನೀರಲ್ಲಿ ಅದ್ದಿ ಉಜ್ಜಿದೆ. ಚೈನಿಗೂ ಬಾಲ್ಸಿಗೂ ಮಾತ್ರ ಹುಣಿಸೇನೀರು ಬೇಡ. ಅವನ್ನು ಹೊಸದೇ ಕೊಳ್ಳಿ.

ಪೆಡಲ್ ತೋಳಿನ ಕಾಟರ್ ಪಿನ್ನು ಹೊಡೆದು ತೆಗೆಯುವುದು, ಚಕ್ರದ ಬೆಂಡು ತೆಗೆಯುವುದು ಅಂಗಡಿಯಲ್ಲೇ ಆಯಿತು. ಎರಡು ಟೈರು, ಟ್ಯೂಬು, ಚೈನು, ಫ್ರೀವೀಲು, ಬ್ರೇಕಿನ ತಂತಿ ಮತ್ತು ರಬ್ಬರ್ ಕಟ್ಟೆ, ಕೂಲಿ ಎಲ್ಲ ಸೇರಿ ಸುಮಾರು ಮೂರು ಸಾವಿರ ರೂಪಾಯಿ. ಚೀಟಿ ಹಣದಲ್ಲಿ ಕೊಟ್ಟೆ. ನಾನೂರು ರೂಪಾಯಿಯ ಗುಜರಿಗೆ ಮೂರು ಸಾವಿರವೇ ಎಂದು ನಮ್ಮವರು ತಮಾಷೆ ಮಾಡಿದರು. ಮಾಡಲಿ ಬಿಡಿ.

ಆಗ ನನ್ನ ಮಗಳು ಎಲ್ಲಿಂದಲೋ ಓದಿ ಒಂದು ಕತೆ ಹೇಳಿದಳು. ಈ ಬೆಟ್ಟದ ಸೈಕಲ್ಲು ಹುಟ್ಟಿದ್ದೇ ಗುಜರಿಯಿಂದಂತೆ! 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಮೂವತ್ತು ನಲವತ್ತು ವರ್ಷ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಹುಡುಕಿ, ರಿಪೇರಿ ಮಾಡಿಕೊಂಡು, ಟಮಾಲ್ಪಾಯಸ್ ಎಂಬ ಬೆಟ್ಟದ ಮಣ್ಣುದಾರಿಯಲ್ಲಿ ಇಳಿಯುತ್ತಿದ್ದರು. 1976ರ ಅಕ್ಟೋಬರ್ 21ರಂದು ಅದರ ಹತ್ತಿರದ ಇನ್ನೊಂದು ಬೆಟ್ಟದಲ್ಲಿ ಮೊದಲ ಪಂದ್ಯ ನಡೆಯಿತು. ಇಳಿಜಾರಿನಲ್ಲಿ ಬ್ರೇಕು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಅದಕ್ಕೇ ಆ ಪಂದ್ಯಕ್ಕೆ 'ರೀಪ್ಯಾಕ್' ಎಂಬ ಹೆಸರು. ಆ ಗಂಡಸರ ಗುಂಪಿನಲ್ಲಿ ವೆಂಡಿ ಕ್ರ್ಯಾಗ್ ಎಂಬ ಹೆಣ್ಣುಮಗಳೂ ಸೈಕಲ್ ಹತ್ತಿದ್ದಳು, ಅವರ ಫೋಟೋಗಳನ್ನೂ ತೆಗೆದಳು. ಅದನ್ನು ಕೇಳಿದ ಮೇಲೆ ನನ್ನ ಗ್ರೀಸು ಮೆತ್ತಿದ ಕೈ ನೋಡಿ ನಾಚಿಕೆಯಾಗಲಿಲ್ಲ.

ಮೊದಲು ಬೆಳಿಗ್ಗೆ ಐದೂವರೆಗೆ ನಮ್ಮ ಬೀದಿಯಲ್ಲೇ ಹತ್ತಿದೆ. ಮೂವತ್ತು ವರ್ಷದ ಮೇಲೆ ಬರುತ್ತದೋ ಇಲ್ಲವೋ ಎಂಬ ದಿಗಿಲು. ಮೊದಲ ತಿರುವಿನಲ್ಲೇ ಬಿದ್ದೆ, ಮೊಣಕೈ ತರಚಿತು. ಹಾಲು ತರುತ್ತಿದ್ದ ಎದುರುಮನೆಯವರು ನಿಂತು ನೋಡಿದರು. 'ನೋಡಿದೋರು ಏನಾದ್ರೂ ಅಂದಾರು' ಎಂಬ ಅಪ್ಪನ ಮಾತು ನೆನಪಾಯಿತು. ಅವರು ಅಂದದ್ದು ಇಷ್ಟೇ: "ವೇಲು ತೆಗೆದಿಡ್ರೀ, ಚಕ್ರಕ್ಕೆ ಸಿಕ್ಕೀತು!" ನೀವೂ ನೆನಪಿಡಿ. ಚೂಡಿದಾರದ ಕಾಲಿಗೆ ರಬ್ಬರ್ ಬ್ಯಾಂಡು, ವೇಲು ಮನೆಯಲ್ಲೇ. ಹತ್ತುವ ಮುಂಚೆ ಎರಡೂ ಬ್ರೇಕು ಒತ್ತಿ ನೋಡಿ.

ಎರಡು ತಿಂಗಳು ಅಭ್ಯಾಸ ಮಾಡಿದ ಮೇಲೆ ಒಂದು ಭಾನುವಾರ ಹೊತ್ತು ಹುಟ್ಟುವ ಮುಂಚೆ ಹೊರಟೆ. ನಾಗರಬಾವಿ ದಾಟಿ, ಜ್ಞಾನಭಾರತಿಯ ಮರಗಳ ನೆರಳಲ್ಲಿ ಸಾಗಿ, ಮೈಸೂರು ರಸ್ತೆ ಸೇರಿ, ನಿಧಾನವಾಗಿ ಕೆಂಗೇರಿ ತಲುಪಿದೆ. ಅಣ್ಣನ ಬಾಡಿಗೆ ಮನೆಯ ಜಗುಲಿಯಲ್ಲಿ ಅಪ್ಪ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಕಣ್ಣು ಮಂಜು. ಸೈಕಲ್ಲನ್ನು ಗುರುತಿಸಿದರು. ಎದ್ದು ಬಂದು ಹ್ಯಾಂಡಲ್ಲು ಸವರಿದರು. ಬಗ್ಗಿ ಹಿಂದಿನ ಟೈರನ್ನು ಹೆಬ್ಬೆರಳಿಂದ ಒತ್ತಿ ನೋಡಿದರು.

"ಗಾಳಿ ಸ್ವಲ್ಪ ಕಮ್ಮಿ ಇದೆ ಮಗು. ತುಂಬಿಸ್ಕೊಂಡು ಹೋಗು, ವಾಪಸ್ ಹೋಗೋ ದಾರಿ ದೂರ" ಎಂದರು.

ತುಂಬಿಸಿಕೊಂಡೇ ಹೊರಟೆ. ಸೋದರಿಯರೇ, ನಿಮ್ಮ ತವರಿನ ಮೆಟ್ಟಿಲ ಕೆಳಗೂ ಒಮ್ಮೆ ಬಗ್ಗಿ ನೋಡಿ. ಏನಂತೀರಿ?