ಎಲ್ಲಿಂದ ಬಂತು ಈ ಸದ್ದು?

ನಮ್ಮ ಮನೆಯ ಕಾರಿಗೆ 2024ರ ಮಳೆಗಾಲಕ್ಕೆ 25 ವರ್ಷ ತುಂಬಿತು. ಮಾರುತಿ 800, 1999ರ ಮಾಡೆಲ್. ಅಪ್ಪ ನಿವೃತ್ತರಾದಾಗ ಬಂದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು, ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಸಾಗರದ ಪೇಟೆಯೊಳಗೆ ಎರಡನೇ ಗೇರು ದಾಟದಂತೆ ಓಡಿಸುತ್ತಿದ್ದ ಕಾರು. ಈ ಮಾದರಿಯ ತಯಾರಿಕೆ 2014ರಲ್ಲೇ ನಿಂತುಹೋಯಿತು. ಅಪ್ಪನೂ ಈಗಿಲ್ಲ. ಕಾರು ಇದೆ. ಅದರ ಮುಂದಿನ ಸೀಟು ಇವತ್ತಿಗೂ ಅಮ್ಮನದೇ, ಬೇರೆ ಯಾರೂ ಅಲ್ಲಿ ಕೂರುವಂತಿಲ್ಲ.

ಹದಿನೈದು ವರ್ಷ ದಾಟಿದ ಕಾರನ್ನು ಐದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಒಯ್ದು ತಪಾಸಣೆ ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ ಬರಬೇಕು. ಆ ಗಡುವಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಇಂಜಿನ್ನಿನಿಂದ ಸದ್ದು ಶುರುವಾಯಿತು. ಕಟಕಟಕಟ ಎಂದು, ಯಾರೋ ಒಳಗೆ ಕೂತು ಸಣ್ಣ ಸುತ್ತಿಗೆಯಿಂದ ಕಬ್ಬಿಣ ಬಡಿಯುತ್ತಿರುವ ಹಾಗೆ. ಆಕ್ಸಿಲರೇಟರ್ ಒತ್ತಿದರೆ ಬಡಿತವೂ ಚುರುಕಾಗುತ್ತಿತ್ತು.

ಕಾರಿನ ಸದ್ದು ಹೊಟ್ಟೆನೋವಿನ ಹಾಗೆ, ಪ್ರತಿಯೊಬ್ಬರ ಬಳಿಯೂ ಒಂದು ಔಷಧಿ ಇರುತ್ತದೆ. ಪಕ್ಕದ ಮನೆಯವರು ಪೆಟ್ರೋಲು ಕಲಬೆರಕೆ ಎಂದರು. ಭಾವ ಫೋನಿನಲ್ಲೇ ಕೇಳಿ ಸೈಲೆನ್ಸರ್ ಎಂದರು. ನನ್ನಾಕೆ ಮಾರಿಬಿಡಿ ಎಂದಳು. ನಾನು ವಿಜ್ಞಾನದ ಮೇಷ್ಟ್ರು. ಊಹೆಯ ಮಾತು ಬೇಡ, ಅಳೆದೇ ನೋಡೋಣ ಎಂದು ಹೊರಟೆ.

ನಾಲ್ಕು ಹೊಡೆತದ ಇಂಜಿನ್ನಿನ ಪಾಠ ಓದಿದವರಿಗೆ ಗೊತ್ತಿರುತ್ತದೆ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ ಎರಡು ಸುತ್ತು ಹಾಕುವಷ್ಟರಲ್ಲಿ ಕವಾಟಗಳನ್ನು ತೆರೆಯುವ ಕ್ಯಾಮ್ ದಂಡ ಒಂದೇ ಸುತ್ತು ತಿರುಗುತ್ತದೆ. ಗೇರಿಲ್ಲದೆ ಸುಮ್ಮನೆ ನಿಂತು ಓಡುವಾಗ ಇಂಜಿನ್ ನಿಮಿಷಕ್ಕೆ ಸುಮಾರು 900 ಸುತ್ತು, ಅಂದರೆ ಸೆಕೆಂಡಿಗೆ 15. ಕವಾಟದ ಕಡೆಯ ಟ್ಯಾಪೆಟ್ ಸಡಿಲವಾಗಿದ್ದರೆ ಬಡಿತ ಸೆಕೆಂಡಿಗೆ ಏಳೋ ಎಂಟೋ ಇರಬೇಕು. 15 ಇದ್ದರೆ ತೊಂದರೆ ಕ್ರ್ಯಾಂಕಿನ ಕಡೆ. ಪಿಯುಸಿ ಎರಡನೇ ವರ್ಷದಲ್ಲಿದ್ದ ಮಗಳು ಸದ್ದನ್ನು ಮೊಬೈಲಿನಲ್ಲಿ ಹಿಡಿದು, ನಾಲ್ಕು ಸೆಕೆಂಡಿನದನ್ನು ಇಪ್ಪತ್ತು ಸೆಕೆಂಡಿಗೆ ಎಳೆದು ಕೇಳಿಸಿದಳು. ಇಬ್ಬರೂ ಬೆರಳು ಮಡಿಸಿ ಎಣಿಸಿದೆವು. 58 ಬಡಿತ. ಸೆಕೆಂಡಿಗೆ ಹದಿನಾಲ್ಕೂವರೆ!

ಮರುದಿನ ಪೇಟೆಯ ಒಂದು ದೊಡ್ಡ ಗ್ಯಾರೇಜಿಗೆ ಹೋದೆ. ಅಲ್ಲಿಯವರು ಮಾರು ದೂರದಲ್ಲೇ ನಿಂತು ಅರ್ಧ ನಿಮಿಷ ಕೇಳಿದರು. “ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ. ಇಂಜಿನ್ ಇಳಿಸಿ ಬಿಚ್ಚಬೇಕು, 42 ಸಾವಿರ ಆಗತ್ತೆ” ಎಂದರು. ಹೇಳಿಕೊಳ್ಳಲು ನಾಚಿಕೆ, ಜೇಬಿಗೆ ಕತ್ತರಿ ಬೀಳುತ್ತಿದ್ದರೂ ನನಗೆ ಒಳಗೊಳಗೇ ಖುಷಿಯಾಯಿತು. ರಾಡ್ ಕೂರುವುದು ಕ್ರ್ಯಾಂಕಿನ ಮೇಲೆಯೇ ತಾನೆ? ನನ್ನ ಲೆಕ್ಕಕ್ಕೆ ಪೂರ್ಣಾಂಕ ಬಂದಿತ್ತು.

ಖುಷಿ ಮನೆ ಮುಟ್ಟುವವರೆಗೂ ಉಳಿಯಲಿಲ್ಲ. ಮಗಳ ಕಾಲೇಜಿನ ಫೀಸು ಮುಂದಿರುವಾಗ ಹಳೆಯ ಕಾರಿಗೆ 42 ಸಾವಿರ ಸುರಿಯುವ ಮಾತೇ ಇರಲಿಲ್ಲ. ಗುಜರಿಯವನು 22 ಸಾವಿರ ಕೊಡುತ್ತೇನೆಂದ. ಅಮ್ಮ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಡ್ಯಾಶ್‌ಬೋರ್ಡಿನ ಮೇಲೆ ಅಪ್ಪ ಅಂಟಿಸಿದ್ದ ಪುಟ್ಟ ಗಣಪತಿಯನ್ನು ಕಿತ್ತು ತಂದು ದೇವರ ಗೂಡಿನಲ್ಲಿ ಇಟ್ಟಿದ್ದಳು.

ಬ್ಯಾಟರಿ ಹೊಸದು. ಗುಜರಿಗೆ ಕೊಡುವ ಮುಂಚೆ ಅದನ್ನಾದರೂ ತೆಗೆಸಿ ಇಟ್ಟುಕೊಳ್ಳೋಣವೆಂದು ಮಗಳನ್ನೂ ಕೂರಿಸಿಕೊಂಡು ಸೊರಬ ರಸ್ತೆಯ ಬದಿಯ ತಗಡಿನ ಶೆಡ್ಡೊಂದಕ್ಕೆ ಹೋದೆ. ಕಾರಿನ ಅಡಿಯಿಂದ ಹೊರಬಂದ ಮೆಕ್ಯಾನಿಕ್ ನನ್ನನ್ನು ನೋಡಿ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಗ್ರೀಸು ಮೆತ್ತಿದ ಕೈ. 2004ರಲ್ಲಿ ಎಂಟನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಹೆಸರು ಬರೆಯುವುದು ಬೇಡ, ಅವನಿಗೆ ಸಂಕೋಚ.

“ಬ್ಯಾಟರಿ ಆಮೇಲೆ ತೆಗೆಯಣ ಸರ್. ಒಂದ್ಸಲ ಸ್ಟಾರ್ಟ್ ಮಾಡಿ.”

ಮಾಡಿದೆ. ಅವನು ತಕ್ಷಣ ಬಾನೆಟ್ ಎತ್ತಲಿಲ್ಲ, ವೈದ್ಯರ ಹಾಗೆ ವಿಚಾರಿಸತೊಡಗಿದ. ಯಾವತ್ತಿಂದ? ಇಂಜಿನ್ ತಣ್ಣಗಿದ್ದಾಗ ಜಾಸ್ತಿಯೋ, ಬಿಸಿಯಾದ ಮೇಲೋ? ಆಯಿಲ್ ಲೈಟು ಉರಿಯಿತಾ? ಕೊನೆಗೆ, “ಅದಕ್ಕೂ ಮುಂಚೆ ಏನಾದ್ರೂ ಕೆಲಸ ಮಾಡ್ಸಿದ್ರಾ ಸರ್?”

ಎರಡು ವಾರ ಮುಂಚೆ ಪರವೂರಿನಲ್ಲಿ ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದು ಆಗ ನೆನಪಾಯಿತು.

“ಗ್ಯಾರೇಜಿನೋರಿಗೆ ಹೇಳಿದ್ರಾ?”

“ಅವರು ಕೇಳಲಿಲ್ಲ” ಎಂದೆ.

ಅನಂತರ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇಂಜಿನ್ ಓಡುತ್ತಿರುವಾಗಲೇ, ಹಿಡಿಗೆ ರಬ್ಬರಿದ್ದ ಇಕ್ಕಳದಿಂದ, ಮೂರು ಸಿಲಿಂಡರುಗಳ ಪ್ಲಗ್ಗಿನ ವೈರನ್ನು ಒಂದೊಂದಾಗಿ ಕಳಚಿ ಮತ್ತೆ ಸಿಕ್ಕಿಸಿದ. (ಮಕ್ಕಳು ಇದನ್ನು ಮಾಡಹೋಗಬಾರದು. ಆ ವೈರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.) ಕಿಡಿ ಇಲ್ಲದಿದ್ದರೆ ಆ ಸಿಲಿಂಡರಿನಲ್ಲಿ ಪೆಟ್ರೋಲು ಉರಿಯುವುದಿಲ್ಲ, ಪಿಸ್ಟನ್ನನ್ನು ಕೆಳಕ್ಕೆ ದಬ್ಬುವ ಜೋರು ತಗ್ಗುತ್ತದೆ. ಸವೆದ ಬೇರಿಂಗ್ ಅಲ್ಲಿಯೇ ಇದ್ದರೆ ಬಡಿತವೂ ಮೆತ್ತಗಾಗಬೇಕು. ಪ್ರತಿ ಸಲವೂ ಇಂಜಿನ್ ಕುಂಟಿತೇ ಹೊರತು ಬಡಿತದ ಜೋರು ತಗ್ಗಲಿಲ್ಲ. “ರಾಡ್ ಅಲ್ಲ ಅನ್ಸತ್ತೆ ಸರ್” ಎಂದ.

ಆಮೇಲೆ ಒಂದೂವರೆ ಅಡಿಯ ಸ್ಕ್ರೂಡ್ರೈವರ್ ತಂದ. ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿದ. ಪ್ಯಾರಿಸ್ಸಿನ ವೈದ್ಯ ಲೆನೆಕ್ 1816ರಲ್ಲಿ ಮಾಡಿದ್ದೂ ಇದನ್ನೇ. ಹಾಳೆಗಳನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಹೃದಯದ ಬಡಿತ ಕೇಳಿದ, ಸ್ಟೆತಾಸ್ಕೋಪ್ ಹುಟ್ಟಿತು. ಮರದ ತೊಲೆಯ ಒಂದು ತುದಿಯಲ್ಲಿ ಗುಂಡುಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವನಿಗೆ ಕೇಳುತ್ತದೆ ಎಂಬ ಸಂಗತಿಯೇ ಅವನಿಗೆ ದಾರಿ ತೋರಿಸಿದ್ದು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, ಉಕ್ಕಿನಲ್ಲಿ 5,000ಕ್ಕೂ ಹೆಚ್ಚು ಎಂದು ನಾವು ಬಾಯಿಪಾಠ ಮಾಡಿಸುತ್ತೇವೆ. ಆದರೆ ಇಲ್ಲಿ ಉಪಯೋಗಕ್ಕೆ ಬರುವುದು ವೇಗವಲ್ಲ. ಗಾಳಿಯಲ್ಲಿ ಎಲ್ಲ ಸದ್ದೂ ಕಲಸಿಹೋಗುತ್ತದೆ, ಸರಳಿನಲ್ಲಿ ಅದು ಮುಟ್ಟಿದ ಜಾಗದ್ದೇ ನೇರ ಕಿವಿಗೆ ಬರುತ್ತದೆ.

ಮೇಲೆ ಊರಿದ, ಹೊಲಿಗೆ ಯಂತ್ರದಂಥ ಸದ್ದು ಅಷ್ಟೇ ಎಂದ. ಕೆಳಗೆ ಆಯಿಲ್ ಚೇಂಬರಿಗೆ ಊರಿದ, ಮಂದ. ಬೆಲ್ಟಿನ ಪಕ್ಕಕ್ಕೆ ಬಂದಾಗ ಥಟ್ಟನೆ ತಲೆ ಹಿಂದಕ್ಕೆಳೆದುಕೊಂಡ. ಇಂಜಿನ್ ನಿಲ್ಲಿಸಿ, ಚಕ್ರ ಬಿಚ್ಚಿ, ಕ್ರ್ಯಾಂಕಿನ ಕೊನೆಯಲ್ಲಿರುವ ಪುಲ್ಲಿಯನ್ನು ಹಿಡಿದು ಅಲುಗಿಸಿದ. ಸಡಿಲವಾದ ಹಲ್ಲಿನ ಹಾಗೆ ಅಲುಗಿತು. ಟೈಮಿಂಗ್ ಬೆಲ್ಟ್ ಹಾಕಲು ಅದನ್ನು ತೆಗೆಯಲೇಬೇಕು. ವಾಪಸ್ ಕೂರಿಸಿದವರು ಬೋಲ್ಟುಗಳನ್ನು ಸರಿಯಾಗಿ ಬಿಗಿದಿರಲಿಲ್ಲ.

“ಅಪ್ಪ, ಹಾಗಾದ್ರೆ ನಮ್ಮ ಲೆಕ್ಕ ತಪ್ಪಾ?” ಮಗಳು ಕೇಳಿದಳು. ಲೆಕ್ಕ ಸರಿಯಾಗಿಯೇ ಇತ್ತು. ಪುಲ್ಲಿಯೂ ಕ್ರ್ಯಾಂಕಿನ ಜೊತೆ ಸೆಕೆಂಡಿಗೆ 15 ಸುತ್ತೇ ತಿರುಗುತ್ತದೆ. ಕ್ರ್ಯಾಂಕಿಗೆ ಅಂಟಿಕೊಂಡದ್ದು ಇನ್ನೂ ಏನೇನಿದೆ ಎಂದು ನಾನು ನೋಡಹೋಗಿರಲಿಲ್ಲ. ದೊಡ್ಡ ಗ್ಯಾರೇಜಿನವರು ಹೂಂ ಎಂದ ಮೇಲೆ ನನಗೆ ಅದರ ಅಗತ್ಯವೂ ಕಂಡಿರಲಿಲ್ಲ.

ಅವನು ಕಿವಿಗೆ ಸ್ಕ್ರೂಡ್ರೈವರ್ ಒತ್ತಿ ಕಣ್ಣು ಮುಚ್ಚಿದ್ದಾಗ ನನಗೆ ಒಂದು ಹಳೆಯ ದಿನ ನೆನಪಾಗಿತ್ತು. ಶಬ್ದದ ಪಾಠ. ಡೆಸ್ಕಿಗೆ ಕಿವಿಯಿಟ್ಟು ಕೇಳುವ ಪ್ರಯೋಗವನ್ನೇ ವಿವರಿಸುತ್ತಿದ್ದೆ. ಕೊನೆಯ ಬೆಂಚಿನಲ್ಲಿ ಈ ಹುಡುಗ ಹೀಗೆಯೇ ಡೆಸ್ಕಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ ಮಲಗಿದ್ದ. ನಿದ್ದೆ ಮಾಡುತ್ತೀಯಾ ಎಂದು ಬೈದು, ಪಾಠ ಮುಗಿಯುವವರೆಗೆ ಜಗುಲಿಯಲ್ಲಿ ಮಳೆಯ ಎರಚಲಿಗೆ ನಿಲ್ಲಿಸಿದ್ದೆ. ಅಯ್ಯೋ, ಅವತ್ತು ಇವನು ಪ್ರಯೋಗ ಮಾಡುತ್ತಿದ್ದನೇ? ಬೋಲ್ಟು ಬಿಗಿದು ಮುಗಿಸುವ ಹೊತ್ತಿಗೆ ತಡೆಯಲಾರದೆ ಕೇಳಿಯೇಬಿಟ್ಟೆ.

ಅವನು ಜೋರಾಗಿ ನಕ್ಕ. “ಇಲ್ಲ ಸರ್, ನಿದ್ದೆನೇ ಮಾಡ್ತಿದ್ದೆ. ಇದೆಲ್ಲ ಕಲ್ತಿದ್ದು ಉಸ್ತಾದ್ ಹತ್ರ. ಆಗ ಬೆಳಗಿನ ಜಾವ ನಾಲ್ಕಕ್ಕೆ ಹಾಲಿನ ಗಾಡಿಗೆ ಹೋಗ್ತಿದ್ದೆ. ಅಪ್ಪಂಗೆ ಹುಷಾರಿರ್ಲಿಲ್ಲ.”

“ಹೇಳಬಾರದಿತ್ತೇನೋ?”

“ನೀವು ಕೇಳ್ಲಿಲ್ಲ ಸರ್” ಎಂದ, ಪಾನಾಗಳನ್ನು ಡಬ್ಬಿಗೆ ಹಾಕುತ್ತ. ಅದರಲ್ಲಿ ಆಕ್ಷೇಪಣೆಯ ದನಿಯೇನೂ ಇರಲಿಲ್ಲ.

ಒಂದು ಬೋಲ್ಟಿನ ಥ್ರೆಡ್ ಸವೆದಿತ್ತು, ಹೊಸದು ಹಾಕಿದ್ದ. ಎಲ್ಲ ಸೇರಿ 350 ರೂಪಾಯಿ ಎಂದ. ನಾನು 500 ಕೊಟ್ಟು, ಇರಲಿ ಇಟ್ಟುಕೋ ಎಂದೆ. ಕೈ ಒರೆಸಿಕೊಂಡು 150 ಎಣಿಸಿ ಮಗಳ ಕೈಯಲ್ಲಿಟ್ಟ.

ಮನೆಯ ಮುಂದೆ ಕಾರು ನಿಲ್ಲಿಸಿದಾಗ ಅಮ್ಮ ಹೊಸಿಲಲ್ಲೇ ನಿಂತಿದ್ದಳು. “ಬಂದದ್ದೇ ಗೊತ್ತಾಗಲಿಲ್ಲವಲ್ಲೋ, ಸದ್ದೇ ಇಲ್ಲ” ಎಂದಳು. ಆಮೇಲೆ ಒಳಗೆ ಹೋಗಿ ಗಣಪತಿಯನ್ನು ಎತ್ತಿಕೊಂಡು ಬಂದಳು.